ಸಂಸಾರ ಸೇತುವೆ ದಾಟಿತು. ವಿಳಾಸ ಆಚೆ ದಡದಲ್ಲೇ ಉಳಿಯಿತು!

ಕುಶಾಲನಗರ: ಮನೆ ಬದಲಾಯಿಸುವವರು ಏನೇನು ಸಾಗಿಸುತ್ತಾರೆ? ಬೀರು, ಮಂಚ, ಗ್ಯಾಸ್ ಸಿಲಿಂಡರು, ದೇವರ ಪಟ, ಉಪ್ಪಿನಕಾಯಿ ಜಾಡಿ, ಡಾಲ್ಡಾ ಡಬ್ಬದಲ್ಲಿ ನೆಟ್ಟ ತುಳಸಿ. ಟೆಂಪೋದವನು ಎರಡು ಟ್ರಿಪ್ಪು ಹೊಡೆದರೆ ಸಂಸಾರ ಸಾಗಿತು. ಹಾಲು ಉಕ್ಕಿಸಿದರೆ ಹೊಸ ಮನೆಯೂ ಆಯಿತು. ಆದರೆ ಒಂದನ್ನು ಮಾತ್ರ ಹತ್ತರಲ್ಲಿ ಎಂಟು ಮಂದಿ ಮರೆತೇ ಬರುತ್ತಾರೆ. ಸ್ಕೂಟರಿನ ಸೀಟಿನಡಿ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ ಬಿದ್ದಿರುವ ಆರ್.ಸಿ. ಪುಸ್ತಕ ಇಲ್ಲವೇ ಕಾರ್ಡು, ಅದರಲ್ಲಿ ಅಚ್ಚಾದ ಹಳೇ ಮನೆಯ ವಿಳಾಸ!

ಬೇರೆ ಊರಲ್ಲಾದರೆ ಇದೇನು ಮಹಾ ಎನ್ನಬಹುದು. ಕುಶಾಲನಗರದಲ್ಲಿ ಹಾಗನ್ನುವಂತಿಲ್ಲ. ಇಲ್ಲಿ ಕಾವೇರಿಯೇ ಗಡಿ. ಸೇತುವೆಯ ಈಚೆ ಕೊಡಗು. ಆಚೆ ಕೊಪ್ಪ, ಅಂದರೆ ಪಿರಿಯಾಪಟ್ಟಣ ತಾಲ್ಲೂಕು, ಮೈಸೂರು ಜಿಲ್ಲೆ. ಈಚೆಯ ಗಾಡಿಗೆ ಮಡಿಕೇರಿಯ ಕೆಎ-12 ನಂಬರು, ಆಚೆಯದಕ್ಕೆ ಹುಣಸೂರಿನ ಕೆಎ-45. ಈಚೆಯ ಪಿನ್ ಕೋಡು 571234, ಆಚೆ ಬೈಲಕುಪ್ಪೆ ಕಡೆಯದು 571104. ಬೀಡಿ ಹಚ್ಚಿಕೊಂಡು ಹೊರಟರೆ ಅದು ಮುಗಿಯುವ ಮೊದಲೇ ಜಿಲ್ಲೆ ಬದಲಾಗುತ್ತದೆ! ಅಂಗಡಿ ಈಚೆ, ಮನೆ ಆಚೆ ಇಟ್ಟುಕೊಂಡವರು ಬೇಕಾದಷ್ಟು ಮಂದಿ. ನಡೆದೇ ದಾಟುವ ಸೇತುವೆಯಾದ್ದರಿಂದ ಜಿಲ್ಲೆ ದಾಟಿದ್ದೇವೆ ಎಂಬ ಅರಿವೇ ಅವರಿಗೆ ಇರುವುದಿಲ್ಲ.

ಅಷ್ಟೇಕೆ, ವಿಳಾಸ ಬದಲಾಯಿಸುವುದರಲ್ಲಿ ಈ ಊರಿನದೇ ಎತ್ತಿದ ಕೈ. 1834ರಲ್ಲಿ ಕೊಡಗು ಇಂಗ್ಲಿಷರ ಕೈಸೇರಿದ ಮೇಲೆ ಕರ್ನಲ್ ಫ್ರೇಸರ್ ಸಾಹೇಬರ ಹೆಸರಲ್ಲಿ ಫ್ರೇಸರ್‌ಪೇಟೆ ಆಯಿತು. ಆಮೇಲೆ ಕುಶಾಲನಗರ ಎಂಬ ಹೆಸರೇ ನಿಂತಿತು. ಬಹಳ ಕಾಲ ಸೋಮವಾರಪೇಟೆ ತಾಲ್ಲೂಕಿನಲ್ಲಿದ್ದದ್ದು ಈಗ ತಾನೇ ತಾಲ್ಲೂಕಾಗಿದೆ. ಊರಿಗೇ ಇಷ್ಟು ವಿಳಾಸ ಆದಮೇಲೆ ಊರವರದ್ದೇನು ಬಿಡಿ.

ಅಜ್ಜಿ ತಂದ ಕವರು

ಒಬ್ಬ ದಿನಸಿ ವ್ಯಾಪಾರಿಯನ್ನು ಓದುಗರು ಕಣ್ಣೆದುರಿಗೆ ತಂದುಕೊಳ್ಳಲಿ. ಹೆಸರು ಬೇಡ, ಇಂಥವರು ಬೀದಿಗೆ ಇಬ್ಬರಾದರೂ ಸಿಗುತ್ತಾರೆ. ಒಂಬತ್ತು ವರ್ಷ ಕೊಪ್ಪದಲ್ಲಿ ಬಾಡಿಗೆಗಿದ್ದರು. ಬೆಳಿಗ್ಗೆ ಸ್ಕೂಟರಿನಲ್ಲಿ ಸೇತುವೆ ದಾಟಿ ಬರುವುದು. ವಾರಕ್ಕೆರಡು ದಿನ ಮೈಸೂರಿಗೆ ಮಾಲು ತರಲು ಬಸ್ಸು ಹತ್ತುವುದು. ಆ ದಿನ ಸ್ಕೂಟರಿಗೆ ಕಾವಲು ಯಾರು? ಬಸ್ಸು ಹತ್ತುವ ಜಾಗದ ಹಿಂದೊಂದು ಖಾಲಿ ಸೈಟು, ಮೇಲೆ ನಾಲ್ಕು ಶೀಟು, ಬಾಗಿಲಲ್ಲಿ ಒಂದು ಕುರ್ಚಿ, ಕುರ್ಚಿಯ ಮೇಲೊಬ್ಬ ಯಜಮಾನ. ತಿಂಗಳ ಲೆಕ್ಕದಲ್ಲಿ ಮಾತಾಗಿತ್ತು. ಕಾಗದ ಪತ್ರ ಏನೂ ಇಲ್ಲ. ಕೈಗೊಂದು ತಗಡಿನ ಬಿಲ್ಲೆ, ಯಜಮಾನನ ಕೈಯಲ್ಲೊಂದು ನೋಟ್‌ಬುಕ್.

ಆಮೇಲೆ ವ್ಯಾಪಾರಿ ಈಚೆ ದಡಕ್ಕೆ ಮನೆ ಮಾಡಿದರು. ಬಸ್ಸಿಗೆ ಈಗ ನಡೆದೇ ಹೋಗಬಹುದು. ಸ್ಕೂಟರು ಮನೆಯ ಮೆಟ್ಟಿಲಡಿ ನಿಂತಿತು. ಸೈಟಿನ ಯಜಮಾನನಿಗೆ ಹೇಳಿದರೇ? ಇಲ್ಲ. ಬಿಲ್ಲೆ ಹಿಂದಿರುಗಿಸಿದರೇ? ಅದೂ ಇಲ್ಲ. ನೋಟ್‌ಬುಕ್ ಮಾತ್ರ ತನ್ನ ಪಾಡಿಗೆ ತಾನು ತಿಂಗಳು ಎಣಿಸುತ್ತಾ ಹೋಯಿತು. ಎರಡು ತಿಂಗಳ ಮೇಲೆ ಯಜಮಾನ ಅಂಗಡಿಗೇ ಬಂದು ಬಾಕಿ ಕೇಳಿದ. ವ್ಯಾಪಾರಿ ರೇಗಿದರು. ಅವನೂ ರೇಗಿದ. ಹೋಗುವಾಗ ಒಂದು ಮಾತು ಎಸೆದು ಹೋದ.

"ನೋಡ್ಕೋತೀನಿ ಸಾಹುಕಾರ್ರೇ. ಮನೆಗೆ ನೋಟೀಸ್ ಬರುತ್ತೆ!"

ಇದಾಗಿ ಒಂದು ತಿಂಗಳು. ಮಂಗಳವಾರದ ಸಂತೆ ದಿನ ಕೊಪ್ಪದ ಹಳೇ ಮನೆಯ ಅಜ್ಜಿ ಸೊಪ್ಪು ತರಕಾರಿಗೆಂದು ಬಂದವರು ಅಂಗಡಿ ಮೆಟ್ಟಿಲು ಹತ್ತಿದರು. ಸೆರಗಿನ ಗಂಟಿನಿಂದಲ್ಲ, ಚೀಲದ ತಳದಿಂದ ಒಂದು ಕವರು ತೆಗೆದರು.

"ನಿನ್ನ ಹೆಸರಿಗೆ ಬಂದಿತ್ತು ಕಣಪ್ಪ. ಎಂದೋ ಬಂದಿದ್ದು. ಗಡಿಯಾರದ ಹಿಂದೆ ಸಿಕ್ಕಿಸಿಟ್ಟಿದ್ದೆ, ಮರ್ತೇ ಹೋಯ್ತು. ಗೋರ್ಮೆಂಟಿನ ಹಾಗೆ ಕಾಣುತ್ತೆ, ನೋಡು ಮಗ."

ಕವರಿನ ಮೇಲೆ ಸರಕಾರಿ ಮುದ್ರೆ, ಒಳಗೆ ಗಾಡಿಯ ನಂಬರು, 'ವಾಹನ ನಿಲುಗಡೆ' ಎಂಬ ಪದ. ಅಷ್ಟು ಕಂಡದ್ದೇ ತಡ, ವ್ಯಾಪಾರಿ ತಕ್ಕಡಿ ಬಿಟ್ಟು ಎದ್ದರು. ಸೈಟಿನ ಯಜಮಾನ ತನ್ನ ಮಾತು ಸಾಧಿಸಿಯೇ ಬಿಟ್ಟ ಎಂದು ಅವರ ಗ್ರಹಿಕೆ. ಸಂತೆ ಜನರ ನಡುವೆ ನುಗ್ಗಿಕೊಂಡು ಹೋಗಿ ಕುರ್ಚಿಯ ಮುಂದೆ ನಿಂತು ಕವರು ಝಾಡಿಸಿದರು.

"ಇನ್ನೂರು ರೂಪಾಯಿ ಬಾಕಿಗೆ ಪೊಲೀಸ್‌ಗೆ ಹೋದ್ಯಾ ನೀನು? ಒಂಬತ್ತು ವರ್ಷ ದುಡ್ಡು ಕೊಟ್ಟಿಲ್ವೇನಯ್ಯಾ?"

ಯಜಮಾನ ಕನ್ನಡಕ ಏರಿಸಿ ಕಾಗದ ಓದಿದ. ಮೊದಲು ಸಿಟ್ಟಿತ್ತು, ಓದಿದಂತೆಲ್ಲ ಮುಖ ಸಡಿಲವಾಯಿತು.

"ಅಯ್ಯೋ ಸಾಹುಕಾರ್ರೇ, ಇದು ನನ್ನದಲ್ಲ. ಮೈಸೂರಿಂದು. ನಿಲ್ಲಿಸಬಾರದ ಜಾಗದಲ್ಲಿ ನಿಮ್ಮ ಸ್ಕೂಟರ್ ನಿಲ್ಸಿದ್ದಕ್ಕೆ ಸಂಚಾರ ಠಾಣೆಯವರ ದಂಡ. ಫೋಟೋನೂ ಹಾಕವ್ರೆ ನೋಡಿ. ನಿಮ್ಮ ಸ್ಕೂಟರ್ ಮೈಸೂರಿಗೆ ಯಾಕೆ ಹೋಗಿತ್ತು? ನೀವು ಬಸ್ಸಲ್ವಾ?"

ಆಗ ವ್ಯಾಪಾರಿಗೆ ನೆನಪಾಯಿತು. ಬಾಮೈದ! ಮನೆ ಬದಲಾಯಿಸುವ ಗಲಾಟೆಯ ವಾರದಲ್ಲಿ "ಭಾವ, ಒಂದಿನಕ್ಕೆ ಸ್ಕೂಟರ್ ಕೊಡಿ" ಎಂದು ತೆಗೆದುಕೊಂಡು ಹೋಗಿದ್ದವನು ಅವನೇ.

ಚೀಟಿ ಬೇರೆ, ದಂಡ ಬೇರೆ

ಈ ಪ್ರಸಂಗದಲ್ಲಿ ವ್ಯಾಪಾರಿ ಎಡವಿದ್ದು ಎಲ್ಲಿ ಎಂಬುದನ್ನು ಬಿಡಿಸಿ ನೋಡಬೇಕಾಗಿದೆ. ಯಾಕೆಂದರೆ ಇದೇ ಗೊಂದಲ ಅಂಗಡಿ ಬೀದಿಯಲ್ಲಿ ದಿನಾ ಕೇಳಿಬರುತ್ತದೆ. ಪಾರ್ಕಿಂಗ್ ಎಂದ ಕೂಡಲೇ ಎಲ್ಲ ಕಾಗದವೂ ಒಂದೇ ಎಂದು ಜನ ತಿಳಿಯುತ್ತಾರೆ. ಹಾಗಿಲ್ಲ.

ಖಾಸಗಿ ಜಾಗದವನು ಕೇಳುವುದು ಬಾಡಿಗೆ. ಇಬ್ಬರ ನಡುವೆ ಆದ ಮಾತಿನ ದುಡ್ಡು. ಸಂತೆಯಲ್ಲಿ ಈರುಳ್ಳಿ ಸಾಲ ತಂದಂತೆಯೇ ಇದೂ ಒಂದು ಸಾಲ. ಕೊಡದಿದ್ದರೆ ಅವನು ಸಿವಿಲ್ ಕೋರ್ಟಿಗೆ ಹೋಗಬಹುದು, ಅದಕ್ಕೂ ಮೂರು ವರ್ಷದ ಗಡುವು ಉಂಟು. ಇನ್ನೂರು ರೂಪಾಯಿಗೆ ಯಾರು ಕೋರ್ಟಿಗೆ ಹೋಗುತ್ತಾರೆ ಎಂಬುದು ಬೇರೆ ಮಾತು. ಆದರೆ ಅವನು 'ದಂಡ' ಹಾಕುವಂತಿಲ್ಲ. ದಂಡ ಹಾಕುವ ಅಧಿಕಾರ ಕಾನೂನು ಯಾರಿಗೆ ಕೊಟ್ಟಿದೆಯೋ ಅವರಿಗೆ ಮಾತ್ರ. ಬಾಕಿ ಇದೆಯೆಂದು ಕೀಲಿ ಕಿತ್ತುಕೊಳ್ಳುವುದು, ಚಕ್ರಕ್ಕೆ ಸರಪಳಿ ಬಿಗಿಯುವುದು, ಗಾಡಿಗೆ ಅಡ್ಡ ಇನ್ನೊಂದು ಗಾಡಿ ನಿಲ್ಲಿಸಿ ಮನುಷ್ಯನನ್ನು ಹೋಗಗೊಡದಿರುವುದು ಇವೆಲ್ಲ ಅವನಿಗೇ ತಿರುಗಿ ಬಡಿಯುವ ಕೆಲಸಗಳು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ದಾರಿಹೋಕನನ್ನು ಅಕ್ರಮವಾಗಿ ಅಡ್ಡಗಟ್ಟುವುದೂ ಅಪರಾಧ, ಕಲಂ 126. ಜಗಳ ಕೈಮೀರುವ ಹಾಗಿದ್ದರೆ 112ಕ್ಕೆ ಫೋನು ಮಾಡಬಹುದು.

ರಸ್ತೆಯಲ್ಲಿ ಗಾಡಿ ಎತ್ತಿಕೊಂಡು ಹೋಗುವುದು ಮತ್ತು ಚಕ್ರಕ್ಕೆ ಬೀಗ ಹಾಕುವುದು ಮೋಟಾರು ವಾಹನ ಕಾಯ್ದೆಯ ಕಲಂ 127ರ ಕೆಳಗೆ ಬರುತ್ತದೆ. ನಿಲ್ಲಿಸಬಾರದ ಕಡೆ ನಿಲ್ಲಿಸಿದ, ಇಲ್ಲವೇ ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆಗೂ ಮೀರಿ ಬಿಟ್ಟುಹೋದ ಗಾಡಿಯ ವಿಷಯ ಅದು. ಅದಕ್ಕೂ ಸಮವಸ್ತ್ರದಲ್ಲಿರುವ ಪೊಲೀಸು ಅಧಿಕಾರಿಯ ಅಪ್ಪಣೆ ಬೇಕು. ಎಳೆದೊಯ್ದ ಖರ್ಚು ಗಾಡಿಯ ಒಡೆಯನ ತಲೆಗೆ. ಟೋಯಿಂಗ್ ಗಾಡಿಯ ಹುಡುಗ ಒಬ್ಬನೇ ಬಂದು ಹಗ್ಗ ಕಟ್ಟುತ್ತಿದ್ದರೆ, ಜೊತೆಯಲ್ಲಿ ಖಾಕಿ ಎಲ್ಲಿ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಇನ್ನು ಮೂರನೆಯದೊಂದಿದೆ. ಪುರಸಭೆ, ಪಂಚಾಯಿತಿ ಇಲ್ಲವೇ ಇನ್ನಾವುದೋ ಇಲಾಖೆಯವರು ತಮ್ಮ ಜಾಗದಲ್ಲಿ ನಿಲುಗಡೆ ಶುಲ್ಕ ಎತ್ತುವ ಹಕ್ಕನ್ನು ಹರಾಜಿನಲ್ಲಿ ಗುತ್ತಿಗೆಗೆ ಕೊಡುತ್ತಾರೆ. ಸಂತೆ ಸುಂಕದ ಹಾಗೆಯೇ. ಚೀಟಿ ಹರಿಯುವವನು ಖಾಸಗಿ ಮನುಷ್ಯ, ಜಾಗ ಮಾತ್ರ ಸರಕಾರದ್ದು. ಇಲ್ಲಿ ದರ ಅವನ ಬಾಯಿಗೆ ಬಂದಷ್ಟಲ್ಲ, ಕರಾರಿನಲ್ಲಿ ಬರೆದಷ್ಟು. ಪ್ರವಾಸಿ ತಾಣದ ಗೇಟಿನಲ್ಲಿ ರಜಾ ದಿನ ಬೆಲೆ ಏರಿದರೆ ಬೋರ್ಡು ತೋರಿಸು ಎನ್ನಬೇಕು. ಬೋರ್ಡಿಲ್ಲವಾದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕರಾರಿನ ನಕಲು ಕೇಳಬಹುದು. 2005ರ ಆ ಕಾಯ್ದೆಯಂತೆ ಮೂವತ್ತು ದಿನದೊಳಗೆ ಉತ್ತರ ಬರಬೇಕು. ಹತ್ತು ರೂಪಾಯಿ ಹೆಚ್ಚು ಕಿತ್ತರೆಂದು ಹತ್ತು ರೂಪಾಯಿ ಅರ್ಜಿ ಹಾಕುವುದೇ ಎಂದು ನಗುವವರು ನಗಲಿ. ವರ್ಷವಿಡೀ ಅಲ್ಲೇ ಗಾಡಿ ನಿಲ್ಲಿಸುವವನಿಗೆ ಅದು ನಗುವ ವಿಷಯವಲ್ಲ.

ಚೀಟಿಯ ಹಿಂದೆ ಸಣ್ಣಕ್ಷರದಲ್ಲಿ ಅಚ್ಚಾಗಿರುವ 'ವಾಹನ ಮಾಲೀಕರದೇ ಹೊಣೆ' ಎಂಬ ಮಾತೂ ದೇವರ ವಾಕ್ಯವಲ್ಲ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ ಸಿಬ್ಬಂದಿಯ ಕೈಗೆ ಕೀಲಿ ಕೊಟ್ಟು ನಿಲ್ಲಿಸಿದ್ದ ಮಾರುತಿ ಝೆನ್ ಕಾರು ಕಳುವಾಯಿತು. ಟೋಕನ್ ಮೇಲೆ ಇಂಥದೇ ಒಕ್ಕಣೆ ಇತ್ತು. ಕೀಲಿ ಪಡೆದು ಕಾರನ್ನು ವಶಕ್ಕೆ ತೆಗೆದುಕೊಂಡ ಮೇಲೆ ಬರೀ ಆ ಸಾಲು ತೋರಿಸಿ ತಮ್ಮ ಅಜಾಗರೂಕತೆಯ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ ಎಂದು 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇಪ್ಪತ್ತೊಂದು ವರ್ಷ ಹಿಡಿಯಿತು ಎಂಬುದು ನಿಜ. ಗ್ರಾಹಕರ ಆಯೋಗ ಈಗ ಜಿಲ್ಲಾ ಕೇಂದ್ರ ಮಡಿಕೇರಿಯಲ್ಲೇ ಇದೆ. ಕೊಟ್ಟ ದುಡ್ಡು ಐದು ಲಕ್ಷದೊಳಗಿನ ವ್ಯವಹಾರವಾದರೆ ದೂರಿಗೆ ಶುಲ್ಕವಿಲ್ಲ.

ಕಾಗದ ಹೋಗುವುದು ಆರ್.ಸಿ. ಹೇಳಿದ ಮನೆಗೆ

ಈಗ ಅಜ್ಜಿಯ ಗಡಿಯಾರದ ಹಿಂದಿನ ಕವರಿಗೆ ಬರೋಣ. ಪೊಲೀಸರು ನೋಟೀಸು ಕಳಿಸುವುದು ಗಾಡಿಯ ನಂಬರು ಹಿಡಿದು. ನಂಬರಿನ ಹಿಂದೆ ಯಾವ ವಿಳಾಸವಿದೆಯೋ ಅಲ್ಲಿಗೆ. ಮನುಷ್ಯ ಎಲ್ಲಿ ಹಾಲು ಉಕ್ಕಿಸಿದ್ದಾನೆ ಎಂದು ಅವರು ಹುಡುಕಿಕೊಂಡು ಬರುವುದಿಲ್ಲ. ಫೋನಿಗೆ ಸಂದೇಶವೂ ಬರುತ್ತದೆ ನಿಜ, ಆದರೆ ಯಾವ ಫೋನಿಗೆ? ಗಾಡಿ ಕೊಂಡ ದಿನ ಬರೆಸಿದ ನಂಬರಿಗೆ. ಆ ಸಿಮ್ಮು ಎಷ್ಟು ಮಂದಿಯ ಬಳಿ ಇನ್ನೂ ಇದೆ? ಶೋರೂಮಿನವರು ಬರೆದ ನಂಬರು ಯಾರದು ಎಂದು ನೋಡಿದವರೆಷ್ಟು?

ಕ್ಯಾಮರಾ ಕಣ್ಣಿಗೆ ಬಿದ್ದ ತಪ್ಪಿಗೆ 15 ದಿನದೊಳಗೆ ನೋಟೀಸು ಕಳಿಸಬೇಕೆಂದು 2021ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ನಿಯಮ ಮಾಡಿತು. ಕಳಿಸಿದವರು ತಮ್ಮ ಕೆಲಸ ಮಾಡಿ ಕೈತೊಳೆದುಕೊಂಡರು. ಸರಿಯಾದ ವಿಳಾಸ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿದ ಕಾಗದ, ತಲುಪಿಲ್ಲವೆಂದು ರುಜುವಾತಾಗದ ಹೊರತು ತಲುಪಿದಂತೆಯೇ ಎಂಬ ಕಾನೂನು 1897ರಷ್ಟು ಹಳೆಯದು, ಜನರಲ್ ಕ್ಲಾಸಸ್ ಕಾಯ್ದೆಯದು. 'ನನ್ನ ಕೈಗೆ ಬರಲಿಲ್ಲ ಸಾಮಿ' ಎಂದರೆ, 'ವಿಳಾಸ ಕೊಟ್ಟವನು ನೀನೇ ತಾನೆ' ಎಂಬ ಮರುಪ್ರಶ್ನೆ ಕಾದಿರುತ್ತದೆ.

ರಾಜ್ಯ ಸರಕಾರ 2023ರ ಫೆಬ್ರುವರಿಯಲ್ಲಿ ಬಾಕಿ ಸಂಚಾರ ದಂಡ ಕಟ್ಟುವವರಿಗೆ ಶೇ. 50 ರಿಯಾಯಿತಿ ಕೊಟ್ಟಿತು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೊಮ್ಮೆ ಕೊಟ್ಟಿತು. ತನ್ನ ಗಾಡಿಯ ಮೇಲೆ ಬಾಕಿ ಇದೆಯೆಂದೇ ತಿಳಿಯದವನಿಗೆ ಅರ್ಧ ರಿಯಾಯಿತಿ ಬಂದರೇನು, ಪೂರಾ ಬಂದರೇನು?

ಆದ್ದರಿಂದಲೇ ಮೋಟಾರು ವಾಹನ ಕಾಯ್ದೆ, 1988ರ ಕಲಂ 49ನ್ನು ಬಾಡಿಗೆ ಮನೆಯವರು ತಿಳಿದಿರಬೇಕು. ಮನೆ ಬದಲಾದ 30 ದಿನದೊಳಗೆ ಹೊಸ ವಿಳಾಸವನ್ನು ಸಾರಿಗೆ ಕಚೇರಿಗೆ ತಿಳಿಸಬೇಕು. ಯಾವ ಕಚೇರಿಗೆ? ಇಲ್ಲೇ ಸೇತುವೆಯವರು ಎಡವುವುದು. ಕೊಪ್ಪದಿಂದ ಈಚೆಗೆ ಬಂದವನು ಹುಣಸೂರಿಗೆ ಓಡಬೇಕಾಗಿಲ್ಲ. ಹೊಸ ಮನೆ ಯಾವ ಕಚೇರಿಯ ವ್ಯಾಪ್ತಿಯಲ್ಲಿದೆಯೋ ಅಲ್ಲಿಗೆ, ಅಂದರೆ ಮಡಿಕೇರಿಗೆ ತಿಳಿಸಿದರೆ ಸಾಕು. ಹಳೇ ಕಚೇರಿಗೆ ಸುದ್ದಿ ಮುಟ್ಟಿಸುವುದು ಅವರ ಕೆಲಸ. ನಮೂನೆ 33 ಎಂಬ ಅರ್ಜಿ, ಆರ್.ಸಿ., ಹೊಸ ವಿಳಾಸದ ದಾಖಲೆ, ಗೊತ್ತಾದ ಶುಲ್ಕ ಬೇಕು. ಸಾಲದ ಗಾಡಿಯಾದರೆ ಫೈನಾನ್ಸ್‌ನವರ ಒಪ್ಪಿಗೆ ಪತ್ರವನ್ನೂ ಕೈಯಲ್ಲಿಟ್ಟುಕೊಂಡು ಹೋಗುವುದು ಒಳ್ಳೆಯದು. ಸರಕಾರದ 'ಪರಿವಾಹನ್' ಜಾಲತಾಣದಲ್ಲೂ ಅರ್ಜಿ ಹಾಕಬಹುದು. ಮೊದಲು ಆಧಾರ್‌ನಲ್ಲಿ ವಿಳಾಸ ಬದಲಾಯಿಸಿಕೊಂಡರೆ ಮುಂದಿನ ಕೆಲಸ ಹಗುರ. ಫೋನ್ ನಂಬರನ್ನೂ ಅದೇ ಸಲ ಸರಿಪಡಿಸಬೇಕು. ವಿಮೆಯವರಿಗೂ ಒಂದು ಪತ್ರ ಬರೆದರೆ ಅಲ್ಲಿಗೆ ಮುಗಿಯಿತು.

"ನಂಬರ್ ಪ್ಲೇಟು ಬದಲಾಯಿಸ್ಬೇಕಾ? ಮತ್ತೆ ಟ್ಯಾಕ್ಸು ಕಟ್ಬೇಕಾ?" ಎಂದು ಕೇಳುವವರೇ ಹೆಚ್ಚು. ಬೇಡ. ಕರ್ನಾಟಕದೊಳಗೇ ಮನೆ ಬದಲಾಯಿಸಿದ ಸ್ವಂತ ಬಳಕೆಯ ಸ್ಕೂಟರಿಗೆ, ಕಾರಿಗೆ ಕೆಎ-45 ಹಾಗೇ ಇರುತ್ತದೆ, ವಿಳಾಸವಷ್ಟೇ ಬದಲು. ಕೇರಳದಿಂದ ಗಾಡಿ ಸಮೇತ ಬಂದು ನೆಲೆಸಿದವರ ಕತೆ ಬೇರೆ. ಹನ್ನೆರಡು ತಿಂಗಳು ಮೀರಿ ಇಲ್ಲೇ ಇಟ್ಟುಕೊಂಡರೆ ಇಲ್ಲಿನ ನಂಬರು ಪಡೆಯಬೇಕು.

ವಿಳಾಸ ತಿಳಿಸದೆ ಕೂತರೆ? ಕಾಯ್ದೆಯ ಸಾಮಾನ್ಯ ದಂಡ, ಕಲಂ 177. 2019ರ ಸೆಪ್ಟೆಂಬರಿನಲ್ಲಿ ಜಾರಿಯಾದ ತಿದ್ದುಪಡಿಯಿಂದ ಮೊದಲ ಸಲಕ್ಕೆ 100 ರೂ. ಇದ್ದದ್ದು 500 ರೂ. ವರೆಗೆ ಏರಿದೆ, ಮರುಸಲಕ್ಕೆ 1500 ರೂ. ವರೆಗೆ. ಆದರೆ ಬಾಧೆ ಈ ಐನೂರರದ್ದಲ್ಲ. ತಿಳಿಯದೆ ಬೆಳೆಯುವ ಬಾಕಿಯದ್ದು. ಗಾಡಿ ಮಾರುವ ದಿನ ಇಲ್ಲವೇ ತಪಾಸಣೆಗೆ ಕೈಯೊಡ್ಡಿ ನಿಲ್ಲಿಸಿದ ದಿನ ಅದೆಲ್ಲ ಒಟ್ಟಿಗೆ ಹೊರಬರುತ್ತದೆ.

ಹೊಳೆ ನುಗ್ಗಿದಾಗ

ಎಲ್ಲರೂ ಇಷ್ಟಪಟ್ಟು ಮನೆ ಬದಲಾಯಿಸುವುದಿಲ್ಲ. 2018ರ ಆಗಸ್ಟಿನಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ಸಾಯಿ ಬಡಾವಣೆ, ಕುವೆಂಪು ಬಡಾವಣೆಯ ಮನೆಗಳಿಗೆ ನೀರು ನುಗ್ಗಿದ್ದು ಊರವರು ಮರೆತಿಲ್ಲ. ಉಟ್ಟ ಬಟ್ಟೆಯಲ್ಲಿ ನೆಂಟರ ಮನೆಗೆ, ಪರಿಹಾರ ಕೇಂದ್ರಕ್ಕೆ, ಎತ್ತರದ ಕಡೆಯ ಬಾಡಿಗೆ ಮನೆಗೆ ಹೋದರು. ಅಂಥವರೂ 30 ದಿನದೊಳಗೆ ಆರ್.ಸಿ. ಹಿಡಿದು ಓಡಬೇಕೇ?

ಕಾನೂನು ಅಷ್ಟು ಕಲ್ಲೆದೆಯದಲ್ಲ. ಅದೇ ಕಲಂ 49ರಲ್ಲಿ ಒಂದು ವಿನಾಯಿತಿ ಇದೆ. ಆರು ತಿಂಗಳು ಮೀರದ ತಾತ್ಕಾಲಿಕ ಗೈರುಹಾಜರಿಗೆ ಈ ನಿಯಮ ಅನ್ವಯಿಸದು. ಮನೆ ತೊಳೆದು, ಸುಣ್ಣ ಬಳಿದು ಹಿಂದಿರುಗುವವರೆಗೆ ಗಡಿಬಿಡಿ ಬೇಕಾಗಿಲ್ಲ. ಆದರೆ ಹೊಳೆಗೆ ಹೆದರಿ ಹಳೇ ಮನೆ ಬಿಟ್ಟೇಬಿಟ್ಟವರು, ಮಗಳ ಶಾಲೆಗೆಂದು ಮೈಸೂರಿನಲ್ಲಿ ಮನೆ ಮಾಡಿ ವರ್ಷವಾದವರು ಈ ವಿನಾಯಿತಿಯ ಕೊಡೆಯಡಿ ನಿಲ್ಲುವಂತಿಲ್ಲ. ನೀರು ನುಗ್ಗಿ ಆರ್.ಸಿ. ಕಾರ್ಡೇ ಹಾಳಾದವರು ಡಿಜಿಲಾಕರ್‌ನಲ್ಲಿರುವ ಪ್ರತಿ ತೋರಿಸಬಹುದು. ಕೇಂದ್ರ ಸಾರಿಗೆ ಇಲಾಖೆ 2018ರಲ್ಲೇ ಅದನ್ನು ಮಾನ್ಯ ಮಾಡಬೇಕೆಂದು ರಾಜ್ಯಗಳಿಗೆ ತಿಳಿಸಿತ್ತು.

ಲಂಡನ್ನಿಂದ ಬರುವ ಫೋನು

ನಮ್ಮೂರಿನ ಮಕ್ಕಳು ಕೆಲವರು ಈಗ ಇಂಗ್ಲೆಂಡಿನಲ್ಲಿದ್ದಾರೆ. ಅವರ ತಾಯಿತಂದೆಯರಿಗೆ ಒಂದು ಮಾತು ಹೇಳದೆ ಈ ವಿಷಯ ಬಿಡುವಂತಿಲ್ಲ. ಯಾಕೆಂದರೆ ಅಲ್ಲಿ ಖಾಸಗಿ ಜಾಗದವನು ಕುರ್ಚಿ ಹಾಕಿ ಕೂರುವುದಿಲ್ಲ. ಕ್ಯಾಮರಾ ನಂಬರು ಹಿಡಿಯುತ್ತದೆ. ಕಂಪೆನಿಯವರು ಸರಕಾರದ ವಾಹನ ಕಚೇರಿಗೆ ಎರಡೂವರೆ ಪೌಂಡು ಕೊಟ್ಟು ಗಾಡಿಯವರ ವಿಳಾಸ ಪಡೆದು ಮನೆಗೆ ಬಿಲ್ಲು ಕಳಿಸುತ್ತಾರೆ. 2012ರ ಕಾನೂನು ಅವರಿಗೆ ಆ ಬಲ ಕೊಟ್ಟಿದೆ. ಚಾಲಕ ಯಾರೆಂದು ಗೊತ್ತಿಲ್ಲದಿದ್ದರೆ, ಕ್ಯಾಮರಾ ಹಿಡಿದ ಪ್ರಕರಣದಲ್ಲಿ 14 ದಿನದೊಳಗೆ ಪತ್ರ ತಲುಪಿಸಿ ಗಾಡಿಯ ಹೆಸರಿರುವವರಿಂದಲೇ ವಸೂಲಿ ಮಾಡಬಹುದು. ಅದೇ ಕಾನೂನು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಖಾಸಗಿ ಜಾಗದವರು ಚಕ್ರಕ್ಕೆ ಬೀಗ ಹಾಕುವುದನ್ನು 2012ರ ಅಕ್ಟೋಬರಿನಿಂದ ನಿಲ್ಲಿಸಿತು. ಒಂದು ಕೈಯಲ್ಲಿ ಬೀಗ ಕಿತ್ತು ಇನ್ನೊಂದು ಕೈಯಲ್ಲಿ ಅಂಚೆ ಚೀಟಿ ಕೊಟ್ಟ ಹಾಗಾಯಿತು!

ಅಲ್ಲಿ ಮನೆ ಬದಲಾಯಿಸಿ ವಾಹನ ಕಚೇರಿಗೆ ತಿಳಿಸದ ಹುಡುಗನ ಗತಿ ನೋಡಿ. ಬಿಲ್ಲು ಹಳೇ ಮನೆಗೆ, ಜ್ಞಾಪನ ಪತ್ರ ಹಳೇ ಮನೆಗೆ, ಕೋರ್ಟಿನ ಕಾಗದವೂ ಹಳೇ ಮನೆಗೆ. ಉತ್ತರ ಬಾರದಾಗ ಕೋರ್ಟು ಏಕಪಕ್ಷೀಯವಾಗಿ ಡಿಕ್ರಿ ಕೊಡುತ್ತದೆ. ಆ ಡಿಕ್ರಿ ಆರು ವರ್ಷ ದಾಖಲೆಯಲ್ಲಿ ಕೂತಿರುತ್ತದೆ. ಮನೆ ಸಾಲ ಕೇಳಲು ಹೋದಾಗ ಅಡ್ಡ ಬರುತ್ತದೆ. ಒಂದು ತಿಂಗಳೊಳಗೆ ಪೂರ್ತಿ ಕಟ್ಟಿದರೆ ದಾಖಲೆಯಿಂದ ತೆಗೆಯುತ್ತಾರೆ. ಆದರೆ ತಿಂಗಳು ಕಳೆದ ಮೇಲೆ ತಾನೇ ಅವನಿಗೆ ಗೊತ್ತಾಗುವುದು? ಡಿಕ್ರಿ ತೆಗೆದುಹಾಕಿ ಎಂದು ತಡಮಾಡದೆ ಅದೇ ಕೋರ್ಟಿಗೆ ಅರ್ಜಿ ಹಾಕುವ ದಾರಿ ಇದೆ. ವಿಳಾಸ ಬದಲಾಯಿಸದ ತಪ್ಪಿಗೆ ಸಾವಿರ ಪೌಂಡಿನವರೆಗೆ ದಂಡ ಬೇರೆ.

ಆ 2012ರ ಕಾನೂನಿನಂಥದ್ದು ನಮ್ಮಲ್ಲಿಲ್ಲ. ಸೈಟಿನ ಯಜಮಾನ "ನೋಟೀಸ್ ಬರುತ್ತೆ" ಎಂದದ್ದು ಬರಿಯ ಬೆದರಿಕೆಯ ಮಾತು.

ಬಾಕಿ ತೀರಿದ ಬಗೆ

ಮತ್ತೆ ಸಂತೆಯ ದಿನಕ್ಕೆ. ಕವರು ಹಿಡಿದು ನಿಂತ ವ್ಯಾಪಾರಿಗೆ ಯಜಮಾನನೇ ಸ್ಟೂಲು ಹಾಕಿ ಕೂರಿಸಿದ. ಪಕ್ಕದ ಹೋಟೆಲಿಂದ ಎರಡು ಕಾಫಿ ಬಂತು. ವ್ಯಾಪಾರಿಯ ಮಗಳು ಫೋನಿನಲ್ಲಿ ಪರಿವಾಹನ್ ಜಾಲತಾಣ ತೆರೆದು ಗಾಡಿಯ ನಂಬರು, ಚಾಸಿಸ್ಸಿನ ಕೊನೆಯ ಅಂಕಿಗಳನ್ನು ಒತ್ತಿ ನೋಡಿದಳು. ಒಂದಲ್ಲ, ಎರಡು ಬಾಕಿ. ಎರಡೂ ಒಂದೇ ದಿನದ್ದು. ಬಾಮೈದ ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ ನಿಲ್ಲಿಸಿದ್ದ!

(ಇಲ್ಲೊಂದು ಎಚ್ಚರಿಕೆ. ವಾಟ್ಸಪ್ಪಿನಲ್ಲಿ 'ನಿಮ್ಮ ಗಾಡಿಗೆ ದಂಡ ಬಿದ್ದಿದೆ, ಈ ಫೈಲು ಒತ್ತಿ' ಎಂದು ಬರುವುದನ್ನು ಒತ್ತಲೇ ಕೂಡದು. ಬ್ಯಾಂಕಿನ ದುಡ್ಡು ಎತ್ತುವ ಕಳ್ಳರ ಆಟ ಅದು. ಸರಕಾರಿ ತಾಣದ ವಿಳಾಸ 'ಗವ್ ಡಾಟ್ ಇನ್' ಎಂದು ಮುಗಿಯುತ್ತದೆ. ಅನುಮಾನವಿದ್ದರೆ ಠಾಣೆಗೇ ಹೋಗಿ ಕೇಳುವುದು ಮೇಲು.)

"ಓಡಿಸಿದೋನು ನಾನಲ್ಲ, ನಾನ್ಯಾಕೆ ಕಟ್ಲಿ?" ಎಂದು ವ್ಯಾಪಾರಿ ಗೊಣಗಿದರು. ಓಡಿಸಿದವರು ಯಾರೆಂದು ಪೊಲೀಸರು ಕೇಳಿದರೆ ಒಡೆಯ ಹೇಳಲೇಬೇಕು, ಕಲಂ 133. ಹೆಸರು ಹೇಳಿ ತಾನು ಬಿಡಿಸಿಕೊಳ್ಳಬಹುದು. ಆದರೆ ಹೆಂಡತಿಯ ತಮ್ಮನ ಹೆಸರನ್ನು ಠಾಣೆಯಲ್ಲಿ ಬರೆಸಿ ಬಂದವನಿಗೆ ರಾತ್ರಿ ಊಟ ಬಡಿಸುವವರು ಯಾರು? ವ್ಯಾಪಾರಿ ಸುಮ್ಮನೆ ಕಟ್ಟಿದರು. ರಸೀತಿಯ ನಕಲನ್ನು ಬಾಮೈದನ ಫೋನಿಗೆ ಕಳಿಸಿದರು ಎಂಬುದೂ ಸರಿಯೇ.

ಸೈಟಿನ ಬಾಕಿ? "ಗಾಡಿನೇ ನಿಲ್ಸಿಲ್ಲ, ದುಡ್ಡು ಯಾತಕ್ಕೆ?" ಎಂದು ಇವರು. "ಜಾಗ ನಿಮಗೇ ಅಂತ ಬಿಟ್ಟಿದ್ದೆ, ಬೇರೆಯವ್ರಿಗೆ ಕೊಡ್ಲಿಲ್ಲ" ಎಂದು ಅವನು. ಎರಡರಲ್ಲೂ ನ್ಯಾಯವಿದೆ. ಬಿಡುವಾಗ ಒಂದು ಮಾತು ಹೇಳಿ ಬಿಲ್ಲೆ ಕೊಟ್ಟು, ನೋಟ್‌ಬುಕ್ಕಿನಲ್ಲಿ ಗೆರೆ ಎಳೆಸಿ, ಅದರದೊಂದು ಫೋಟೋ ಹಿಡಿದಿಟ್ಟುಕೊಂಡಿದ್ದರೆ ಈ ಜಗಳವೇ ಇರುತ್ತಿರಲಿಲ್ಲ. ಕೊನೆಗೆ ಒಂದು ತಿಂಗಳದ್ದು ಕೊಟ್ಟರು, ಒಂದು ತಿಂಗಳದ್ದು ಅವನು ಬಿಟ್ಟ. ಬಿಲ್ಲೆ ಕುರ್ಚಿಯ ಪಕ್ಕದ ಡಬ್ಬಕ್ಕೆ ಬಿತ್ತು. ಅಜ್ಜಿ ಅಷ್ಟರಲ್ಲಿ ಸಂತೆ ಮುಗಿಸಿ ಬಂದರು. ಇನ್ನು ಯಾವ ಕವರು ಬಂದರೂ ಗಡಿಯಾರದ ಹಿಂದೆ ಸಿಕ್ಕಿಸಬೇಡಿ, ಫೋನು ಮಾಡಿ ಎಂದು ಅಂಗಡಿಯ ನಂಬರು ಬರೆದುಕೊಟ್ಟರು. ಕೊಪ್ಪದ ಕಡೆಯ ಅಂಚೆ ಕಚೇರಿಗೂ, ತಮ್ಮ ಕಾಗದ ಹೊಸ ವಿಳಾಸಕ್ಕೆ ತಿರುಗಿಸಿ ಕಳಿಸಬೇಕೆಂದು ಒಂದು ಅರ್ಜಿ ಹೋಯಿತು.

ಮಡಿಕೇರಿಗೆ ಮೂವತ್ತು ಕಿ.ಮೀ. ಆಸುಪಾಸು. ನಮೂನೆ 33ರ ಕೆಲಸಕ್ಕೆಂದು ವ್ಯಾಪಾರಿ ಗುರುವಾರ ಬೆಳಿಗ್ಗೆ ಬಸ್ಸಿಗೆ ಹೊರಟರು. ಮನೆ ಬಾಗಿಲು ಎಳೆದುಕೊಳ್ಳುವಾಗ ಕಾಲಡಿ ಏನೋ ಸಿಕ್ಕಿತು. ಬಾಗಿಲ ಸಂದಿಯಿಂದ ಯಾರೋ ತೂರಿಸಿದ್ದ ಉದ್ದನೆ ಕವರು, ಮೇಲೊಂದು ಗಾಡಿಯ ನಂಬರು. ಹೆಸರು ಇವರದಲ್ಲ. ಇದೇ ಮನೆಯಲ್ಲಿ ಇವರಿಗಿಂತ ಮುಂಚೆ ಬಾಡಿಗೆಗಿದ್ದವನದು.

ಒಡೆದು ನೋಡಲಿಲ್ಲ, ಬೇರೆಯವರ ಕಾಗದ ಒಡೆಯಬಾರದು. ಗಡಿಯಾರದ ಹಿಂದೆಯೂ ಇಡಲಿಲ್ಲ. ಕವರಿನ ಮೇಲೆ 'ಈ ವಿಳಾಸದಲ್ಲಿ ಈಗ ಇಲ್ಲ, ಮನೆ ಬಿಟ್ಟು ಹೋಗಿದ್ದಾರೆ' ಎಂದು ಬರೆದು, ತಾರೀಕು ಹಾಕಿ, ಬಸ್ಸಿಗೆ ಹೋಗುವ ದಾರಿಯಲ್ಲಿ ಅಂಚೆ ಕಚೇರಿಯ ಕಿಟಕಿಯಲ್ಲಿ ಕೊಟ್ಟರು.

"ಇವ್ರು ಎಲ್ಲಿಗೆ ಹೋದ್ರು ಗೊತ್ತಾ ಸಾರ್?" ಎಂದು ಕಿಟಕಿಯಾಚೆಯಿಂದ ಪ್ರಶ್ನೆ ಬಂತು.

"ಸೇತುವೆ ಆಚೆಗಂತೆ," ಎಂದರು ವ್ಯಾಪಾರಿ.